ಆ ನಲವತ್ತು ಸೆಕೆಂಡು ನನ್ನದು

ನಮ್ಮ ಮನೆಯ ಊಟದ ಮೇಜಿನ ಹಿಂದಿನ ಗೋಡೆಯ ತುಂಬ ದೊಡ್ಡಪ್ಪನ ಫೋಟೋಗಳಿದ್ದವು. ಹದಿನೇಳನೆಯ ವಯಸ್ಸಿನಲ್ಲಿ ನೌಕಾಪಡೆ ಸೇರಿದಾಗಿನದು. ತಲೆ ನುಣ್ಣಗೆ ಬೋಳಿಸಿ, ಕಿವಿಗಳೆರಡೂ ಜಾಡಿಯ ಹಿಡಿಗಳ ಹಾಗೆ ಎದ್ದು ಕಾಣುವಂಥದು. ಮೊದಲ ಹಡಗಿನಲ್ಲಿ ವಾಂತಿ ಮಾಡಿ ಮಾಡಿ ಸುಸ್ತಾಗಿಯೂ ನಗುತ್ತಿರುವುದು. ನಕ್ಷೆಯ ಮೇಲೆ ಬಗ್ಗಿ ದಾರಿ ಗುರುತಿಸುತ್ತಿರುವುದು. ಸಣ್ಣದೊಂದು ಗಸ್ತಿನ ಹಡಗಿಗೆ ಕ್ಯಾಪ್ಟನ್ ಆದದ್ದು. ನಟ್ಟನಡುವೆ, ಎಲ್ಲಕ್ಕಿಂತ ದೊಡ್ಡ ಚೌಕಟ್ಟಿನಲ್ಲಿ, ಎದೆಯ ಮೇಲೆ ಮೊದಲ ಪದಕ ಚುಚ್ಚಿಸಿಕೊಳ್ಳುತ್ತಿರುವುದು. ಅಪ್ಪ ಯಾವಾಗಲೂ ಆ ಗೋಡೆಗೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಿದ್ದ. ಅದರಿಂದ ಅವನಿಗೆ ಲಾಭವೇನೂ ಆಗಲಿಲ್ಲ. ಅವನ ಜೊತೆ ಮಾತಾಡಲು ತಲೆ ಎತ್ತಿದವರಿಗೆಲ್ಲ ಅವನ ನೆತ್ತಿಯ ಮೇಲೇ ದೊಡ್ಡಪ್ಪ ಕಾಣುತ್ತಿದ್ದರು.

ಅಪ್ಪ ಬಂದರಿನಲ್ಲಿ ಟಗ್ಗು ನಡೆಸುತ್ತಿದ್ದ. ದೊಡ್ಡ ಹಡಗುಗಳನ್ನು ಮೂತಿಯಿಂದ ತಳ್ಳಿ, ಹಗ್ಗ ಹಾಕಿ ಎಳೆದು, ದಡದ ಕಟ್ಟೆಗೆ, ಅಂದರೆ ಜೆಟ್ಟಿಗೆ, ಹಚ್ಚುವ ಗಿಡ್ಡ ದೋಣಿ ಅದು. ಸುತ್ತಲೂ ಹಳೆಯ ಟೈರುಗಳನ್ನು ಕಟ್ಟಿಕೊಂಡು, ಜಗಳಕ್ಕೆ ಸೊಂಟ ಕಟ್ಟಿ ನಿಂತ ಹೆಂಗಸಿನ ಹಾಗೆ ಕಾಣುತ್ತಿತ್ತು. ಅದರ ಫೋಟೋ ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ.

"ನಿಮ್ಮಣ್ಣನ ಎದೆ ಮೇಲೆ ಒಂದೊಂದು ಪದಕ ಏರಿದ ಹಾಗೂ ನಿಮ್ಮ ಎದೆ ಒಳಗೆ ಒಂದೊಂದು ಒಲೆ ಹತ್ತಿಕೊಳ್ಳುತ್ತೆ," ಎಂದು ಅಮ್ಮ ಹೇಳುತ್ತಿದ್ದಳು.

"ನನಗ್ಯಾಕೆ ಉರಿ? ನನಗೇನು ಕೆಲಸ ಇಲ್ವಾ?" ಎನ್ನುತ್ತಿದ್ದ ಅಪ್ಪ. ಎದ್ದು ಹೋಗುವಾಗ ಮಾತ್ರ ನಡುವಿನ ಫೋಟೋದ ಮೂಲೆಗೆ ಹೆಗಲು ತಾಗಿಸಿ ಅದನ್ನು ಸೊಟ್ಟ ಮಾಡಿ ಹೋಗುತ್ತಿದ್ದ. ಅಮ್ಮ ಅದನ್ನು ನೇರ ಮಾಡುವಳು. ಮರುದಿನ ಅದು ಮತ್ತೆ ಸೊಟ್ಟ.

ನನ್ನನ್ನು ಬೆಳೆಸಿದ್ದು ಅಜ್ಜಿ, ಅಜ್ಜಿಯ ಕತೆಗಳು. ಮಧ್ಯಾಹ್ನ ನನ್ನ ಜಡೆ ಬಿಚ್ಚಿ ಬಾಚುತ್ತಾ ಅವಳು ತನ್ನ ಹಿರಿಮಗನನ್ನು ಏಳು ಸಮುದ್ರಗಳ ಆಚೆ ಕಳಿಸುತ್ತಿದ್ದಳು. "ನೀರು ಕಂಡರೆ ನಡುಗ್ತಿದ್ದ ಹುಡುಗ ಕಣೇ. ಬಚ್ಚಲಿಗೆ ಹೋಗೋಕೂ ಅಳೋನು. ಒಂದು ದಿನ ಸಮುದ್ರವೇ ಎದ್ದು ಬಂದು ಅವನ ಕೈ ಹಿಡೀತು. ಬಾರಪ್ಪಾ, ನಿನ್ನ ಜಾಗ ಇಲ್ಲಲ್ಲ, ಅಂತು." ಆಮೇಲೆ ಬೆಂಕಿ ಹತ್ತಿದ ಎಣ್ಣೆ ಹಡಗು ಬರುತ್ತಿತ್ತು, ಉರಿಯುವ ನೀರು ಬರುತ್ತಿತ್ತು, ದೊಡ್ಡಪ್ಪ ಅದರೊಳಗೆ ಜಿಗಿದು ನಾವಿಕರನ್ನು ಎಳೆದು ತರುತ್ತಿದ್ದರು. ಪತ್ರಿಕೆಯಲ್ಲಿ ಬಂದದ್ದು ನಾಲ್ಕು ಜನ ಎಂದು. ನನಗೆ ಆರು ವರ್ಷವಾದಾಗ ಅಜ್ಜಿಯ ಬಾಯಲ್ಲಿ ಅವರು ಏಳಾಗಿದ್ದರು, ಹತ್ತು ತುಂಬುವಾಗ ಹನ್ನೊಂದು.

"ಬರೋ ವರ್ಷ ಮೀನುಗಳನ್ನೂ ಸೇರಿಸಿಬಿಡಮ್ಮಾ. ಪಾಪ, ಅವಕ್ಕೂ ಸುಟ್ಟಿರುತ್ತೆ," ಎಂದು ಅಪ್ಪ ಒಳಗಿನಿಂದ ಕೂಗುತ್ತಿದ್ದ.

ಆ ಮಾತಿನ ಒಳಗಿದ್ದ ಮುಳ್ಳು ನನಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ಅಮ್ಮನ ಬಾಯಿಂದ. ನೌಕಾಪಡೆಗೆ ಸೇರಲು ಈಜಿನ ಪರೀಕ್ಷೆ ಇತ್ತು. ಅರ್ಜಿ ಹಾಕಿದ ಮೇಲೆ ದೊಡ್ಡಪ್ಪನ ಕೈಕಾಲು ತಣ್ಣಗಾಯಿತು. ಎರಡು ವರ್ಷ ಚಿಕ್ಕವನಾದ ಅಪ್ಪ, ಯಾರೂ ಬಳಸದ ಹಳೆಯ ಹಡಗುಕಟ್ಟೆಯ ಮೆಟ್ಟಿಲಲ್ಲಿ, ಇಡೀ ಒಂದು ತಿಂಗಳು, ಬೆಳಕು ಹರಿಯುವ ಹೊತ್ತಿಗೆ ಅಣ್ಣನನ್ನು ಕರೆದುಕೊಂಡು ಹೋಗಿ ಈಜು ಕಲಿಸಿದ. "ಸಮುದ್ರ ಅಲ್ಲ ಅವನ ಕೈ ಹಿಡಿದಿದ್ದು. ನಾನು. ಕೈ ಕೂಡ ಅಲ್ಲ, ಹೊಟ್ಟೆ. ಹೊಟ್ಟೆ ಕೆಳಗೆ ಅಂಗೈ ಕೊಟ್ಟು ತೇಲಿಸಿದ್ದೀನಿ," ಎಂದು ಅಪ್ಪ ಅಮ್ಮನಿಗೆ ಮದುವೆಯಾದ ಹೊಸತರಲ್ಲಿ ಹೇಳಿದ್ದನಂತೆ. ಎರಡು ವರ್ಷದ ಮೇಲೆ ತನ್ನ ಸರದಿ ಬಂದಾಗ ಅಪ್ಪನೂ ಅರ್ಜಿ ತುಂಬಿದ. ಅಜ್ಜಿ ಅದನ್ನು ಅಂಚೆಗೆ ಹಾಕುತ್ತೇನೆಂದು ಇಸಿದುಕೊಂಡು ಟ್ರಂಕಿನ ತಳಕ್ಕೆ ಹಾಕಿದಳು. "ಒಬ್ಬನನ್ನ ನೀರಿಗೆ ಕೊಟ್ಟಾಗಿದೆ. ಇನ್ನೊಬ್ಬ ಕಣ್ಣೆದುರಿಗೆ ಇರ್ಲಿ," ಎಂದಳಂತೆ. ಅವಳ ಕತೆಯಲ್ಲಿ ಈ ಟ್ರಂಕು ಎಂದೂ ಬರಲಿಲ್ಲ.

ನಾನಾದರೂ ಅಪ್ಪನ ಕಡೆ ಇದ್ದೆನೇ? ಇಲ್ಲ. ಶಾಲೆಯಲ್ಲಿ 'ನನ್ನ ಮೆಚ್ಚಿನ ವ್ಯಕ್ತಿ' ಎಂದು ಪ್ರಬಂಧ ಬರೆಯಲು ಹೇಳಿದಾಗ ಮೂರು ಪುಟ ದೊಡ್ಡಪ್ಪನ ಬಗ್ಗೆ ಬರೆದೆ; ಹನ್ನೊಂದು ನಾವಿಕರನ್ನೂ ಬಿಡದೆ. ಬಹುಮಾನ ಬಂತು. ಕೆಳಗೆ ಪೋಷಕರ ಸಹಿ ಬೇಕಿತ್ತು. ಅಪ್ಪ ಮೂರೂ ಪುಟ ಓದಿದ, ಗ್ರೀಸು ಹತ್ತಿದ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ, ಸಹಿ ಹಾಕಿದ. "ಚೆನ್ನಾಗಿ ಬರೆದಿದ್ದೀಯ," ಎಂದ. ಅವತ್ತು ಅವನು ಫೋಟೋ ಸೊಟ್ಟ ಮಾಡಲಿಲ್ಲ. ಊಟವನ್ನೂ ಮಾಡಲಿಲ್ಲ.

ದೊಡ್ಡಪ್ಪನಿಗೆ ಆಮೇಲೆ ಇನ್ನೂ ಎರಡು ಪದಕ ಬಂದವು. ಒಂದು, ಹಡಗು ದಾರಿಯಲ್ಲಿ ಹುದುಗಿಸಿಟ್ಟ ಸಿಡಿಗುಂಡುಗಳನ್ನು ಹೆಕ್ಕಿ ತೆಗೆದದ್ದಕ್ಕೆ. ಇನ್ನೊಂದು, ಮೂವತ್ತು ವರ್ಷ ಒಂದು ಕಪ್ಪುಚುಕ್ಕೆಯೂ ಇಲ್ಲದೆ ಸೇವೆ ಮಾಡಿದ್ದಕ್ಕೆ. ನಾನು ಓದು ಮುಗಿಸಿ ಬಂದರಿನ ಗೋಪುರದಲ್ಲಿ ಕೆಲಸಕ್ಕೆ ಸೇರಿದೆ. ನಾಲ್ಕೂ ಕಡೆ ಗಾಜಿನ ಕಿಟಕಿಯ ಕೋಣೆ. ಒಂದು ದುರ್ಬೀನು, ಗಾಳಿಯ ವೇಗ ತೋರಿಸುವ ಮುಳ್ಳು, ಎರಡು ರೇಡಿಯೋ, ಒಂದು ದಪ್ಪ ಪುಸ್ತಕ. ಯಾವ ಹಡಗು ಎಷ್ಟು ಗಂಟೆಗೆ ಏನು ಹೇಳಿತು, ಯಾವ ಟಗ್ಗು ಎಷ್ಟು ಗಂಟೆಗೆ ಏನು ಮಾಡಿತು ಎಂದು ಸೆಕೆಂಡಿನ ಲೆಕ್ಕದಲ್ಲಿ ಅದರಲ್ಲಿ ಬರೆಯುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ, ಮಲಗಲು ಬರುವ ಆನೆಗಳ ಹಾಗೆ ಒಳಬರುವ ಹಡಗುಗಳನ್ನು ನೋಡುತ್ತಾ ಕೂತಿರುತ್ತಿದ್ದೆ.

ದೊಡ್ಡಪ್ಪ ನಿವೃತ್ತರಾಗುವ ವಾರ ಅವರ ಹಡಗು ಕೊನೆಯ ಸಲ ಬಂದರಿಗೆ ಬಂತು. ಸೋಮವಾರ ಬರುವುದು, ಶನಿವಾರ ಹೊಸ ಕ್ಯಾಪ್ಟನ್‌ಗೆ ಒಪ್ಪಿಸುವುದು. ಸೋಮವಾರ ಬೆಳಿಗ್ಗೆಯೇ ಜೆಟ್ಟಿಯ ಮೇಲೆ ಕುರ್ಚಿಗಳು, ಬ್ಯಾಂಡಿನವರು, ಮೊದಲ ಸಾಲಿನಲ್ಲಿ ಅಮ್ಮನ ಪಕ್ಕ ಕೈಕೋಲು ಹಿಡಿದ ಅಜ್ಜಿ.

ನೌಕಾಪಡೆಯ ಕ್ಯಾಪ್ಟನ್‌ಗಳಿಗೆ ಒಂದು ಜಂಬವಿದೆ. ಹಡಗನ್ನು ಟಗ್ಗಿನ ಸಹಾಯವಿಲ್ಲದೆ ತಾವೇ ಜೆಟ್ಟಿಗೆ ತರುವುದು. ನಿಯಮದ ಪ್ರಕಾರ ಟಗ್ಗು ಪಕ್ಕದಲ್ಲಿ ನಿಂತಿರಬೇಕು, ಆದರೆ ಕ್ಯಾಪ್ಟನ್ ಕರೆಯದೆ ತಳ್ಳುವ ಹಾಗಿಲ್ಲ. ದೊಡ್ಡಪ್ಪ ನಮ್ಮ ಬಂದರಿಗೆ ಹನ್ನೊಂದು ಸಲ ಬಂದಿದ್ದರು; ಹನ್ನೊಂದು ಸಲವೂ ಅಪ್ಪ ಎಂಜಿನ್ ಉರಿಸಿಕೊಂಡು ಪಕ್ಕದಲ್ಲಿ ನಿಂತಿದ್ದು, ಒಂದು ಬೆರಳೂ ತಾಗಿಸದೆ ವಾಪಸು ಬಂದಿದ್ದ.

ಟಗ್ಗಿನವರಿಗೂ ಒಂದು ಪದ್ಧತಿಯಿದೆ; ಅದನ್ನು ಅಪ್ಪನೇ ನನಗೆ ಹೇಳಿಕೊಟ್ಟದ್ದು. ಗಾಳಿ ಎದ್ದರೆ ಕರೆ ಬರುವ ಮೊದಲೇ ಟಗ್ಗಿನ ಮೂತಿಯನ್ನು ಹಡಗಿಗೆ ಮೆಲ್ಲಗೆ ಒರಗಿಸಿ ನಿಲ್ಲಬೇಕು. ತಳ್ಳಬಾರದು, ಸುಮ್ಮನೆ ಒರಗಿರಬೇಕು. "ಒರಗಿದ್ದು ಹಡಗಿಗೇ ಗೊತ್ತಾಗ್ಬಾರದು. ಕರೆದ ಕೂಡಲೇ ತಳ್ಳೋಕೆ ಶುರು ಮಾಡ್ಬೇಕು. ಕರೆದ ಮೇಲೆ ಹೊರಟರೆ ಅದು ಟಗ್ಗಲ್ಲ, ಟ್ಯಾಕ್ಸಿ," ಎನ್ನುತ್ತಿದ್ದ.

ಹತ್ತೂವರೆಗೆ ಹಡಗು ಒಳಗೆ ತಿರುಗಿತು. ಬೆಳ್ಳಗೆ, ನೇರವಾಗಿ, ಅಜ್ಜಿಯ ಕತೆಯಿಂದಲೇ ಇಳಿದು ಬಂದ ಹಾಗೆ. ರೇಡಿಯೋದಲ್ಲಿ ಯಾರೋ ಎಳೆಯ ಅಧಿಕಾರಿಯ ದನಿ: "ಟಗ್, ಪಕ್ಕದಲ್ಲೇ ಇರಿ. ಸದ್ಯಕ್ಕೆ ಬೇಕಿಲ್ಲ."

"ಸದ್ಯಕ್ಕೆ ಬೇಕಿಲ್ಲ. ಗೊತ್ತಾಯ್ತು," ಎಂದ ಅಪ್ಪ. ಅವನು ರೇಡಿಯೋ ಗುಂಡಿ ಬಿಡುವ ಮೊದಲು ಹಿಂದಿನಿಂದ ಅವನ ಎಂಜಿನ್ ನೋಡಿಕೊಳ್ಳುವ ಗ್ರೀಸ್ ಮಾಮನ ಮಾತು ತೂರಿ ಬಂತು: "ಇವರಿಗೆ ಹುಟ್ಟಿದಾಗಿಂದ ಸದ್ಯಕ್ಕೆ ಬೇಕಿಲ್ಲ."

ಗಾಳಿ ನೆಲದ ಕಡೆಯಿಂದ ಬೀಸತೊಡಗಿತು. ಮುಳ್ಳು ಹದಿನಾರು ತೋರಿಸಿತು, ಇಪ್ಪತ್ತು, ಇಪ್ಪತ್ತೆರಡು. ನಾನು ಒಂದೊಂದನ್ನೂ ಹಡಗಿಗೆ ಓದಿ ಹೇಳಿದೆ. ಆ ಗಾಳಿ ಹಡಗನ್ನು ಜೆಟ್ಟಿಯಿಂದ ದೂರ ತಳ್ಳುತ್ತದೆ. ಆಚೆ ಬದಿಯಲ್ಲಿ ಹೂಳೆತ್ತುವ ಹಡಗೊಂದು ತನ್ನ ಉದ್ದನೆಯ ಕಬ್ಬಿಣದ ತೋಳನ್ನು ಚಾಚಿ ನಿಂತಿತ್ತು. ದೊಡ್ಡಪ್ಪನ ಹಡಗಿನ ಹಿಂಭಾಗ ನಿಧಾನವಾಗಿ ಅದರ ಕಡೆ ಸರಿಯುತ್ತಿತ್ತು.

ಅಪ್ಪನನ್ನು ದುರ್ಬೀನಿನಲ್ಲಿ ಹುಡುಕಿದೆ. ಅವನು ಒರಗಿ ನಿಂತಿರಲಿಲ್ಲ. ಎರಡು ದೋಣಿಯುದ್ದ ದೂರದಲ್ಲಿ, ಮದುವೆಗೆ ಕರೆಯದ ನೆಂಟನ ಹಾಗೆ, ಮುಖ ತಿರುಗಿಸಿಕೊಂಡಂತೆ ನಿಂತಿದ್ದ. ಸರಕಿನ ಹಡಗುಗಳಿಗೆ, ಕಲ್ಲಿದ್ದಲ ಹಡಗುಗಳಿಗೆ, ಹೆಸರೇ ಗೊತ್ತಿಲ್ಲದ ತುಕ್ಕು ಹಿಡಿದ ಹಡಗುಗಳಿಗೆಲ್ಲ ಒರಗಿ ನಿಲ್ಲುತ್ತಿದ್ದವನು. ನನ್ನ ಬೆರಳು ರೇಡಿಯೋ ಗುಂಡಿಯ ಮೇಲಿತ್ತು. 'ಅಪ್ಪಾ, ಹತ್ತಿರ ಹೋಗು' ಎನ್ನುವುದು ಎಷ್ಟು ಹೊತ್ತಿನ ಮಾತು? ಅನ್ನಲಿಲ್ಲ. ಇವತ್ತಾದರೂ ಅವರು ಕರೆಯಲಿ ಎಂದು ನನ್ನ ಹೊಟ್ಟೆಯೊಳಗೂ ಏನೋ ಒಂದು ಕಾದು ಕೂತಿತ್ತು.

ಹತ್ತು ಗಂಟೆ ನಲವತ್ತೆರಡು ನಿಮಿಷ, ಹತ್ತು ಸೆಕೆಂಡು. ಈ ಸಲ ಎಳೆಯ ದನಿಯಲ್ಲ. "ಟಗ್, ಕ್ಯಾಪ್ಟನ್ ಮಾತಾಡ್ತಿದ್ದೀನಿ. ಹಿಂಭಾಗಕ್ಕೆ ಬಂದು ತಳ್ಳು."

"ಮತ್ತೆ ಹೇಳಿ," ಎಂದ ಅಪ್ಪ.

"ಹಿಂಭಾಗಕ್ಕೆ ಬಾ. ತಳ್ಳು."

"ಯಾರು ಮಾತಾಡ್ತಿರೋದು?"

"ನಾನು ಕಣೋ! ಬೇಗ ಬಾರೋ!"

ಟಗ್ಗಿನ ಚಿಮಣಿ ಕಪ್ಪಗೆ ಒಂದು ಮುದ್ದೆ ಹೊಗೆ ಉಗುಳಿತು. ಅದರ ಮೂತಿ ಹಡಗಿಗೆ ತಾಗಿದಾಗ ಗಡಿಯಾರ ನಲವತ್ತೆರಡು ನಿಮಿಷ, ಐವತ್ತು ಸೆಕೆಂಡು ತೋರಿಸುತ್ತಿತ್ತು. ಅಷ್ಟರೊಳಗೆ ಹಡಗಿನ ಹಿಂತುದಿಯ ಬಾವುಟದ ಕಂಬ ಆ ಕಬ್ಬಿಣದ ತೋಳಿಗೆ ಬಡಿದು, ಬೆಂಡೆಕಾಯಿ ತುದಿ ಮುರಿದ ಹಾಗೆ ಲಟಕ್ಕೆಂದಿತು. ಪಕ್ಕದ ಕಂಬಿಯೂ ಎರಡು ಮಾರು ಉದ್ದಕ್ಕೆ ಬಾಗಿತು. ಆಮೇಲೆ ಅಪ್ಪ ತಳ್ಳಿದ. ಅದನ್ನು ಹೇಗೆ ಹೇಳಲಿ? ನಿದ್ದೆ ಬಂದ ಮಗುವನ್ನು ಎತ್ತಿ ಹಾಸಿಗೆಗೆ ಹಾಕಿದ ಹಾಗೆ ಅಷ್ಟು ದೊಡ್ಡ ಹಡಗನ್ನು ಜೆಟ್ಟಿಗೆ ತಂದು ಮಲಗಿಸಿದ. ಬ್ಯಾಂಡಿನವರು ಬಾರಿಸಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜಿಯೊಬ್ಬಳೇ ಚಪ್ಪಾಳೆ ತಟ್ಟುತ್ತಿದ್ದಳು. ಹಡಗು ಬರುವಾಗ ಒಂದು ಸದ್ದು ಆಗಲೇಬೇಕು ಎಂದು ಅವಳು ತಿಳಿದಿದ್ದಳು.

ನಾನು ಪುಸ್ತಕದಲ್ಲಿ ಎರಡೂ ಸಮಯ ಬರೆದೆ. ಪೆನ್ನು ಒತ್ತಿ ಬರೆದಿದ್ದರಿಂದ ಅಂಕೆಗಳು ಸ್ವಲ್ಪ ದಪ್ಪಗಾದವು.

ಬುಧವಾರ ಸಂಜೆ, ಇನ್ನೂ ಬಿಸಿಲಿರುವಾಗಲೇ, ದೊಡ್ಡಪ್ಪ ಮನೆಗೆ ಬಂದರು. ಸಮವಸ್ತ್ರವಿಲ್ಲದ ಮಾಮೂಲಿ ಅಂಗಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅಜ್ಜಿ ಅವರನ್ನು ತನ್ನ ಪಕ್ಕ ಕೂರಿಸಿಕೊಂಡಳು. ಅಮ್ಮ ಚಹ ಇಟ್ಟಳು. ಅಪ್ಪ ಗೋಡೆಗೆ ಬೆನ್ನು ಹಾಕಿ ಕೂತು ಬ್ರೆಡ್ಡಿನ ಅಂಚನ್ನು ಕೀಳುತ್ತಿದ್ದ.

"ವಿಚಾರಣೆ ಶುಕ್ರವಾರ ಇದೆ," ಎಂದರು ದೊಡ್ಡಪ್ಪ. "ನೀನು ತಲೆ ಕೆಡಿಸ್ಕೋಬೇಡ. ಟಗ್ಗನ್ನ ಕರೆದಿದ್ದೇ ನಾನು ತಡವಾಗಿ ಅಂತ ಬರೆದುಕೊಟ್ಟಿದ್ದೀನಿ. ಗಾಳಿ ಅಂದಾಜು ತಪ್ಪಿತು, ತಪ್ಪು ನನ್ನದು ಅಂತ. ಅಲ್ಲಿಗೆ ಮುಗೀತು."

ಅಪ್ಪ ಬ್ರೆಡ್ಡು ಕೆಳಗಿಟ್ಟ. "ಎಷ್ಟು ತಡವಾಗಿ ಅಂತ ಬರೆದೆ?"

"ನಲವತ್ತು ಸೆಕೆಂಡು. ಆ ಹೊತ್ತೆಲ್ಲ ನಾನು ಕರೆದೇ ಇರಲಿಲ್ಲ ಅಂತ." ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಪುಟ್ಟೀ, ನಿನ್ನ ಪುಸ್ತಕದಲ್ಲಿ ಏನಿದೆ?"

"ಆಗಿದ್ದು ಇದೆ ದೊಡ್ಡಪ್ಪ."

ಅವರು ಚಹದ ಲೋಟವನ್ನು ಒಂದು ಸುತ್ತು ತಿರುಗಿಸಿದರು. ಅದನ್ನು ತಿದ್ದು ಎಂದು ಅವರು ಹೇಳಲಿಲ್ಲ, ಹೇಳುವ ಪೈಕಿಯವರಲ್ಲ. "ಅದೂ ಇರ್ಲಿ," ಎಂದರು. "ರೇಡಿಯೋ ಸರಿಯಾಗಿ ಕೇಳಿಸಿರಲ್ಲ ಇವನಿಗೆ. ಹಾಗಂತ ನಾನೇ ಹೇಳ್ತೀನಿ. ನನ್ನ ಮಾತು ನಂಬ್ತಾರೆ."

"ಹೂಂ, ನಂಬ್ತಾರೆ. ನಿನ್ನ ಮಾತು ಯಾರು ನಂಬಲ್ಲ?" ಅಪ್ಪನ ದನಿ ಏರಿತು. "ಅಣ್ಣಾ, ನನ್ನ ಕೆಲಸ ಉಳಿಸೋಕೆ ನಿನ್ನ ಯಾರು ಕರೆದರು?"

"ನಿನ್ನ ಕೆಲಸ ಹೋಗುತ್ತೆ ಕಣೋ. ನನಗೇನು, ಶನಿವಾರ ಮನೆಗೆ ಹೋಗೋನು."

"ಹೋದರೆ ಹೋಗ್ಲಿ! ಬೆಂಕಿ ಹಡಗು ನಿನ್ನದು. ಸಿಡಿಗುಂಡು ನಿನ್ನದು. ಈ ಗೋಡೆ ಇಡೀ ನಿನ್ನದು. ನನ್ನ ಮಗಳ ಪ್ರಬಂಧದಲ್ಲೂ ನೀನೇ. ಜೀವಮಾನದಲ್ಲಿ ನಾನು ಒಂದೇ ಒಂದು ತಪ್ಪು ಮಾಡಿದೆ, ಅದನ್ನೂ ನೀನೇ ಹೊತ್ಕೊಂಡು ದೊಡ್ಡವನಾಗ್ತೀಯಾ? ಅದೊಂದಾದರೂ ನನಗೆ ಬಿಡೋ!"

ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅಜ್ಜಿ ಕೈಕೋಲಿನಿಂದ ನೆಲವನ್ನು ಒಮ್ಮೆ ಕುಟ್ಟಿದಳು. "ಏನು ನಲವತ್ತು ಸೆಕೆಂಡು? ನನಗೆ ಅರ್ಥ ಆಗೋ ಹಾಗೆ ಹೇಳ್ರೋ. ಅಣ್ಣ ಕರೆದಾಗ ನೀನು ಏನ್ಮಾಡ್ತಿದ್ದೆ?"

ಅಪ್ಪ ಕಿತ್ತ ಬ್ರೆಡ್ಡಿನ ಚೂರುಗಳನ್ನು ಮೇಜಿನ ಅಂಚಿಗೆ ಒಟ್ಟುಮಾಡಿದ.

"ಕೇಳ್ತಿದ್ದೆ ಅಮ್ಮಾ," ಎಂದ. "ಅವನು ನನ್ನ ಕರೀತಿದ್ದ. ಎಲ್ಲರಿಗೂ ಕೇಳೋ ಹಾಗೆ ರೇಡಿಯೋದಲ್ಲಿ ಕರೀತಿದ್ದ. ಇನ್ನೊಂದು ಸಲ ಕೇಳೋಣ ಅನ್ನಿಸ್ತು. ಕೇಳಿದೆ. ಮತ್ತೂ ಒಂದು ಸಲ ಕೇಳೋಣ ಅನ್ನಿಸ್ತು."

ದೊಡ್ಡಪ್ಪನ ಮುಖದಲ್ಲಿ ಸಿಟ್ಟು ಏರಿದ್ದು ನನಗೆ ಕಂಡಿತು. ಆ ಮುಖದಲ್ಲಿ ನಾನು ಸಿಟ್ಟು ನೋಡಿದ್ದು ಅದೇ ಮೊದಲು. "ಹಡಗಿನಲ್ಲಿ ಇನ್ನೂರು ಹುಡುಗರಿದ್ದರು," ಎಂದರು ಮೆಲ್ಲಗೆ. "ಹಿಂಭಾಗದಲ್ಲಿ ಹಗ್ಗ ಹಿಡಿದು ಆರು ಜನ ನಿಂತಿದ್ದರು. ಕಂಬ ಬಿದ್ದಿದ್ದು ಅವರಿಂದ ಒಂದು ಗೇಣು ಆಚೆ."

"ಗೊತ್ತು," ಎಂದ ಅಪ್ಪ. "ನಾನು ಕೆಳಗಿಂದ ನೋಡ್ದೆ. ಮೂರು ದಿನದಿಂದ ಕಣ್ಣು ಮುಚ್ಚಿದರೆ ಅದೇ ಕಾಣ್ಸುತ್ತೆ. ಅದಕ್ಕೇ ಹೇಳ್ತಿರೋದು, ಅದು ನನ್ನದು ಅಂತ."

ದೊಡ್ಡಪ್ಪ ಫೈಲನ್ನು ಮೇಜಿನ ಮೇಲೆ ಅಂಗಾತ ಇಟ್ಟರು. ನಂತರ ಅಜ್ಜಿಯ ಕಡೆ ತಿರುಗಿ, ಹವಾಮಾನದ ವಿಷಯ ಹೇಳುವವರ ಹಾಗೆ ಹೇಳಿದರು: "ಅಮ್ಮಾ, ನನಗೆ ಈಜು ಕಲಿಸಿದ್ದು ಇವನು. ಹಳೆ ಕಟ್ಟೆ ಮೆಟ್ಟಿಲಲ್ಲಿ. ನಾಚಿಕೆ ಆಗಿ ನಾನು ಯಾರಿಗೂ ಹೇಳಿರಲಿಲ್ಲ, ತಮ್ಮನ ಹತ್ತಿರ ಕಲಿತೆ ಅಂತ. ಹೇಳ್ಬೇಕಿತ್ತು."

ಅಪ್ಪ ಇಡೀ ಜೀವಮಾನ ಕಾದ ಮಾತು ಅದು. ಆದರೆ ಅವನ ಮುಖ ಅರಳಲಿಲ್ಲ. "ಈಗ ಹೇಳ್ತೀಯಾ?" ಎಂದ. "ಆ ಆರು ಹುಡುಗರು ಸಾಯ್ತಿದ್ದರು ಅಂದ ಮೇಲೆ ಹೇಳ್ತೀಯಾ? ಇವತ್ತು ಅದನ್ನ ತಗೊಳ್ಳೋಕೆ ನನಗೆ ಮುಖ ಇಲ್ಲ ಕಣೋ." ಎದ್ದು ಹಿತ್ತಲಿಗೆ ಹೋಗಿ, ಒಗೆದ ಬಟ್ಟೆಗಳ ನಡುವೆ ನಿಂತುಕೊಂಡ. ದೊಡ್ಡಪ್ಪ ಚಹ ಕುಡಿಯದೆ ಹೋದರು.

ಸ್ವಲ್ಪ ಹೊತ್ತಿಗೆ ಅಜ್ಜಿ ಕೋಲೂರಿಕೊಂಡು ತಾನೂ ಹಿತ್ತಲಿಗೆ ಹೋಗಿ, ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಅಪ್ಪನ ತೋಳಿನ ಮೇಲೆ ಹಾಕತೊಡಗಿದಳು.

ಶುಕ್ರವಾರ ಬೆಳಿಗ್ಗೆ ನೌಕಾಪಡೆಯ ಕಚೇರಿಯ ಎರಡನೆಯ ಮಹಡಿ. ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು. ವಿಚಾರಣೆ ಮಾಡುವ ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು. ನಾನು ಗೋಪುರದ ಪುಸ್ತಕ ಹಿಡಿದು ಕೂತಿದ್ದೆ. ಎಡಕ್ಕೆ ದೊಡ್ಡಪ್ಪ, ಬಿಳಿ ಸಮವಸ್ತ್ರದಲ್ಲಿ, ಮೂರೂ ಪದಕ ಹಾಕಿಕೊಂಡು. ಬಲಕ್ಕೆ ಅಪ್ಪ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ರಾತ್ರಿಯೆಲ್ಲ ಕೂತು ಬರೆದ ಒಂದೂವರೆ ಪುಟದ ಹೇಳಿಕೆ ಹಿಡಿದು.

ಅಧಿಕಾರಿ ಎರಡು ಕಾಗದಗಳನ್ನೂ ಓದಿದರು. ಒಮ್ಮೆ ಎಡಕ್ಕೆ ನೋಡಿದರು, ಒಮ್ಮೆ ಬಲಕ್ಕೆ.

"ಇಪ್ಪತ್ತು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೀನಿ," ಎಂದರು. "ಎಲ್ಲರೂ ನನ್ನದಲ್ಲ ನನ್ನದಲ್ಲ ಅಂತ ಬರ್ತಾರೆ. ನೀವಿಬ್ಬರೂ ನನ್ನದು ನನ್ನದು ಅಂತಿದ್ದೀರಲ್ಲ, ಏನು ಆಸ್ತಿ ಪಾಲು ಮಾಡ್ಬೇಕಾ ನಾನು?"

"ಪುಸ್ತಕ ನೋಡಿ ಸರ್," ಎಂದ ಅಪ್ಪ. "ನನ್ನ ಮಗಳು ಸುಳ್ಳು ಬರೆಯೋದಿಲ್ಲ."

ನಾನು ಪುಟ ತೆರೆದು ಮುಂದೆ ಸರಿಸಿದೆ. ನನ್ನ ದಪ್ಪ ಅಂಕೆಗಳು. ಅಧಿಕಾರಿ ಬೆರಳಿಟ್ಟು ಲೆಕ್ಕ ಹಾಕಿದರು. "ಕರೆ ಬಂದಾಗ ಎಷ್ಟು ದೂರದಲ್ಲಿದ್ದಿರಿ?"

"ಎರಡು ದೋಣಿಯುದ್ದ."

"ಯಾಕೆ? ಒರಗಿ ನಿಲ್ಲೋದು ಪದ್ಧತಿ ಅಲ್ವಾ?"

"ಪದ್ಧತಿ. ಬೇಕಂತಲೇ ನಿಲ್ಲಲಿಲ್ಲ. ಕರೆದಿದ್ದು ಕೇಳಿಸ್ತು. ಬೇಕಂತಲೇ ಮತ್ತೆ ಕೇಳಿದೆ."

ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದರು. ಅಪ್ಪ ಅವರ ಕಡೆ ನೋಡದೆಯೇ ಕೈ ಅಡ್ಡ ಹಿಡಿದ. ದೊಡ್ಡಪ್ಪ ಬಾಯಿ ಮುಚ್ಚಿದರು.

ಮಧ್ಯಾಹ್ನದೊಳಗೆ ತೀರ್ಮಾನವಾಯಿತು. ಅಪ್ಪನಿಗೆ ಆರು ತಿಂಗಳು ಟಗ್ಗಿನ ಚುಕ್ಕಾಣಿ ಇಲ್ಲ. ಹಗ್ಗದ ಗೋದಾಮಿನಲ್ಲಿ ಕೆಲಸ. ಬಲವಾದ ಗಾಳಿಯಲ್ಲಿ ಟಗ್ಗು ಬಳಸಲು ತಡಮಾಡಿದರೆಂದು ದೊಡ್ಡಪ್ಪನ ಸೇವಾ ಪುಸ್ತಕದಲ್ಲಿ ಒಂದು ಸಾಲು. ಒಂದೇ ಕಾಗದದ ಕೆಳಗೆ ಇಬ್ಬರೂ ಸಹಿ ಹಾಕಿದರು. ಅಪ್ಪ ಅಣ್ಣನ ಸಹಿಯನ್ನು ಒಂದು ಗಳಿಗೆ ದಿಟ್ಟಿಸಿ, ಅದಕ್ಕಿಂತ ಸ್ವಲ್ಪ ದೊಡ್ಡದಾಗಿ ತನ್ನದನ್ನು ಹಾಕಿದ್ದು ನನ್ನ ಕಣ್ಣಿಗೆ ಬಿತ್ತು.

ಮೆಟ್ಟಿಲಿಳಿಯುವಾಗ ಅಪ್ಪ ಕೇಳಿದ: "ನಿನಗೆ ಒಂದೇ ಸಾಲಾ?"

"ಒಂದೇ ಸಾಲು."

"ನನಗೆ ಆರು ತಿಂಗಳು."

"ನೀನೇ ಕೇಳಿ ಇಸ್ಕೊಂಡೆಯಲ್ಲೋ."

"ಇಸ್ಕೊಂಡೆ. ಆದರೂ ಒಂದೇ ಸಾಲು ಅಂದ್ರೆ ಬಹಳ ಕಡಿಮೆ ಆಯ್ತು." ಅಪ್ಪ ಇನ್ನೂ ನಾಲ್ಕು ಮೆಟ್ಟಿಲು ಇಳಿದ. "ಆ ಹುಡುಗರ ಹತ್ತಿರ ನನ್ನ ಕರ್ಕೊಂಡು ಹೋಗ್ತೀಯಾ? ಆರು ಜನರ ಹತ್ತಿರ. ಕ್ಷಮೆ ಕೇಳ್ಬೇಕು."

"ಇವತ್ತೇ ಹೋಗೋಣ," ಎಂದರು ದೊಡ್ಡಪ್ಪ.

ಗೇಟಿನಲ್ಲಿ ಕಾವಲಿನವರಿಬ್ಬರು ದೊಡ್ಡಪ್ಪನನ್ನು ಕಂಡು ಬೂಟು ಅಪ್ಪಳಿಸಿ ಸೆಲ್ಯೂಟ್ ಹೊಡೆದರು. ದೊಡ್ಡಪ್ಪ ಕೈಯೆತ್ತಿದರು. ಅಪ್ಪ ಅಭ್ಯಾಸಬಲದಿಂದ ಒಂದು ಹೆಜ್ಜೆ ಬದಿಗೆ ಸರಿದು ನಿಂತ. ಅವನ ದವಡೆ ಬಿಗಿದದ್ದು ಕಂಡು ನನಗೆ ಹೆದರಿಕೆಯೂ ಆಯಿತು, ನಗೆಯೂ ಬಂತು.

"ನೋಡು, ಇನ್ನೂ ಹೊಡೀತಾರೆ," ಎಂದು ಗೊಣಗಿದ.

"ನಾಳೆ ಸಂಜೆಯಿಂದ ಹೊಡೆಯಲ್ಲ ಬಿಡೋ," ಎಂದರು ದೊಡ್ಡಪ್ಪ.

"ನಾಡಿದ್ದು ಬಂದು ನೋಡ್ತೀನಿ," ಎಂದ ಅಪ್ಪ.